ಮರಳು ಕಾದಿರುವಾಗ ಯಾರಾದರೂ ಬಂದರೆ

ಮಂಡಕ್ಕಿ ಭಟ್ಟಿಯ ಕಥೆಯನ್ನು ನಾನು ಮೂರು ಸಲ ಬರೆದೆ. ಎರಡು ಸಲ ಕೆಟ್ಟಿತು, ಮೂರನೇ ಸಲ ನಿಂತಿತು. ಕಥೆಗೆ ಘಟನೆ ಮುಖ್ಯವೋ, ಪಾತ್ರ ಮುಖ್ಯವೋ, ಅದು ನಡೆಯುವ ಜಾಗ ಮುಖ್ಯವೋ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಈ ಒಂದು ಕಥೆಯಿಂದ ಕಲಿತದ್ದನ್ನೇ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ನಮ್ಮೂರಿನ ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ ಬೇಕೇ ಬೇಕು. ಆ ಮಂಡಕ್ಕಿ ಬರುವ ಭಟ್ಟಿಗಳ ಬಗ್ಗೆ ಬರೆಯಬೇಕು ಅನ್ನೋದು ಬಹಳ ದಿನದ ಆಸೆ. ಮೊದಲ ಸಲ ಕೂತಾಗ ನನಗೆ ಗೊತ್ತಿದ್ದದ್ದನ್ನೆಲ್ಲ ಸುರಿದೆ. ಮಸಿ ಹಿಡಿದ ಗೋಡೆ, ಹೊಟ್ಟಿನ ರಾಶಿ, ಬೆಳಗಿನ ಜಾವದ ಹೊಗೆ, ಗಾಡಿಗೆ ಏರುವ ದೊಡ್ಡ ದೊಡ್ಡ ಚೀಲ. ಮೂರು ಪುಟ ದಾಟಿದ ಮೇಲೆ ಒಬ್ಬ ಹೆಂಗಸು ಬಂದಳು. ಹಾಲಮ್ಮ ಅಂತ ಹೆಸರಿಟ್ಟೆ. ಅವಳು ಬಂದ ಒಂದು ಪುಟಕ್ಕೆ ಕಥೆ ಮುಗಿದೇ ಹೋಯಿತು.

ನಾನು ಬರೆದದ್ದನ್ನು ಮೊದಲು ಓದುವವರು ನಿವೃತ್ತ ಮೇಷ್ಟ್ರು ಒಬ್ಬರು. ಅವರು ಹಾಳೆಗಳನ್ನು ಮಡಚಿ ಕೊಟ್ಟು ಹೇಳಿದರು: ‘ಭಟ್ಟಿ ಚೆನ್ನಾಗಿ ಕಾಣ್ತು ಕಣಪ್ಪ. ಅಲ್ಲಿಗೆ ನನ್ನನ್ನ ಯಾಕೆ ಕರ್ಕೊಂಡು ಹೋದೆ ಅಂತ ಗೊತ್ತಾಗ್ಲಿಲ್ಲ.’

ಸರಿ, ಏನಾದರೂ ನಡೆಯಬೇಕು ಅಂದುಕೊಂಡೆ. ಎರಡನೇ ಸಲ ಭಟ್ಟಿಗೆ ಬೆಂಕಿ ಬಿತ್ತು. ಅಣ್ಣತಮ್ಮಂದಿರ ಜಗಳ ಬಂತು, ಸಾಲ ಬಂತು, ಕೊನೆ ಸಾಲಿನಲ್ಲಿ ಒಂದು ಸಾವೂ ಬಂತು. ಒಂದು ಪತ್ರಿಕೆಗೆ ಕಳಿಸಿದೆ, ವಾಪಸ್ ಬಂತು. ಮೇಷ್ಟ್ರು ಈ ಸಲ ಒಂದೇ ಪ್ರಶ್ನೆ ಕೇಳಿದರು: ‘ಬೆಂಕಿ ಬಿತ್ತು, ಒಪ್ಪಿದೆ. ಆಯಮ್ಮ ಯಾರು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಲಮ್ಮನ ವಯಸ್ಸು ಗೊತ್ತಿತ್ತು, ಸೀರೆಯ ಬಣ್ಣ ಗೊತ್ತಿತ್ತು. ಅವಳು ಯಾರು ಅಂತ ಗೊತ್ತಿರಲಿಲ್ಲ.

ದೊಡ್ಡ ಘಟನೆ ಸಿಕ್ಕಿದರೆ ಕಥೆ ಸಿಕ್ಕಿತು ಅನ್ನುವ ನಂಬಿಕೆ ನನಗೆ ಆಗ ಜಾಸ್ತಿ ಇತ್ತು. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ವಾ? 1933ರ ನಂತರ ಅದೇ ಮೊದಲು. 89 ವರ್ಷ! ಜನ ಪೂಜೆ ಸಾಮಾನು ಹಿಡಿದು ಆ ಜಲಾಶಯ ಇರುವ ಮಾರಿಕಣಿವೆಗೆ ಹೋದರು, ನಾನೂ ಹೋದೆ. ಆ ನೀರು ನೋಡಿ ಗಂಟಲು ಕಟ್ಟಿತ್ತು. ಮನೆಗೆ ಬಂದು ಬರೆದದ್ದು ಮಾತ್ರ ವರದಿಯಾಯಿತು. ನೀರು ಬಂದದ್ದು ಎಲ್ಲರಿಗೂ ಬಂತು. ಯಾರೋ ಒಬ್ಬರಿಗೆ ಅದು ಏನಾಗಿ ಬಂತು ಅನ್ನೋದು ನನ್ನ ಬರಹದಲ್ಲಿ ಇರಲಿಲ್ಲ. ಆ ಹಾಳೆಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಆಮೇಲೆ ಭಟ್ಟಿಯ ಕಥೆಗೆ ಒಂದು ಪರೀಕ್ಷೆ ಮಾಡಿದೆ. ಈಗಲೂ ಪ್ರತಿ ಕಥೆಗೂ ಮಾಡುತ್ತೇನೆ. ಅದೇ ಕಥೆಯನ್ನು ಎತ್ತಿ ಬೇರೆ ಜಾಗದಲ್ಲಿಟ್ಟೆ. ಹಾಲಮ್ಮನನ್ನು ಬೀಡಿ ಕಟ್ಟುವ ಮನೆಯಲ್ಲಿ ಕೂರಿಸಿದೆ. ಬೆಂಕಿ ಅಲ್ಲೂ ಬಿತ್ತು, ಅಣ್ಣತಮ್ಮಂದಿರು ಅಲ್ಲೂ ಜಗಳವಾಡಿದರು. ಏನೂ ಬದಲಾಗಲಿಲ್ಲ. ಅಂದರೆ ಮೂರು ಪುಟ ಬರೆದಿದ್ದ ನನ್ನ ಭಟ್ಟಿ ನಾಟಕದ ಪರದೆಯಂತೆ ಹಿಂದೆ ಸುಮ್ನೆ ನೇತಾಡುತ್ತಿತ್ತು.

ಹಾಗಾದರೆ ಭಟ್ಟಿಯಲ್ಲಿ ಮಾತ್ರ ಇರುವುದು ಏನು? ನೋಡಿ ಬರಬೇಕು ಅನ್ನಿಸಿತು. ಕೈಯಲ್ಲೇ ಹುರಿಯುವ ಒಂದು ಹಳೇ ಭಟ್ಟಿಯಲ್ಲಿ ಕೇಳಿಕೊಂಡು, ವಾರಕ್ಕೆ ಎರಡು ದಿನ ಹೋಗಿ ಒಂದು ಮೂಲೆಯಲ್ಲಿ ಕೂತೆ. ಪುಸ್ತಕ ತೆರೆಯಲಿಲ್ಲ, ಫೋಟೋ ತೆಗೆಯಲಿಲ್ಲ. ಕೈಗಳನ್ನು ನೋಡಿದೆ.

ಭತ್ತ ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡಿರುತ್ತಾರೆ. ಅದಕ್ಕೆ ಉಪ್ಪುನೀರು ಹಾಕಿ ಬಿಸಿ ಮಾಡಿ ಹದಕ್ಕೆ ತರುತ್ತಾರೆ. ಆಮೇಲೆ ಬಾಣಲೆಯಲ್ಲಿ ಕಾದ ಮರಳು. ಅಕ್ಕಿ ಮರಳಿಗೆ ಬಿದ್ದ ಮೇಲೆ ಎಲ್ಲ ಕೆಲವೇ ಸೆಕೆಂಡಿನ ಮಾತು. ಕಾಳಿನೊಳಗಿನ ತೇವ ಆವಿಯಾಗಿ ಒಳಗಿಂದ ಒತ್ತುತ್ತೆ, ಕಾಳು ಒಮ್ಮೆಲೇ ಅರಳುತ್ತೆ. ಮರಳು ಸಾಕಷ್ಟು ಕಾದಿಲ್ಲದಿದ್ದರೆ ಗಟ್ಟಿಯಾಗಿ ಉಳಿಯುತ್ತೆ. ಒಂದು ಕ್ಷಣ ತಡವಾದರೆ ಕಪ್ಪಾಗುತ್ತೆ. ಅರಳಿದ ತಕ್ಷಣ ಎತ್ತಿ ಜರಡಿಗೆ ಹಾಕಬೇಕು. ಮರಳು ಕೆಳಗೆ ಬೀಳುತ್ತೆ, ಮಂಡಕ್ಕಿ ಮೇಲೆ ನಿಲ್ಲುತ್ತೆ, ಅದೇ ಮರಳು ಮತ್ತೆ ಬಾಣಲೆಗೆ.

ಅಲ್ಲಿ ಹುರಿಯುತ್ತಿದ್ದ ಅಮ್ಮನ ಕಣ್ಣು ಮಾತಾಡುವಾಗಲೂ ಮರಳಿನ ಮೇಲೇ ಇರುತ್ತಿತ್ತು. ಒಂದು ದಿನ ಹೊರಗೆ ಯಾರೋ ಅವರ ಹೆಸರು ಹಿಡಿದು ಕೂಗಿದರು. ಅವರು ತಿರುಗಲಿಲ್ಲ. ಇನ್ನೊಂದು ಸಲ ಕೂಗಿದರು. ಆಗಲೂ ಇಲ್ಲ. ಬಾಣಲೆ ಖಾಲಿ ಮಾಡಿ, ಜರಡಿ ಆಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ ‘ಏನ್ರೀ?’ ಅಂದರು.

ನನ್ನ ಕಥೆ ಅಲ್ಲಿತ್ತು. ಆದರೆ ಅವತ್ತು ಅದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಎರಡು ವಾರ ಬಿಟ್ಟು, ದುರ್ಗದಲ್ಲಿ.

ಚಿತ್ರದುರ್ಗದ ಕೋಟೆಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ಸಲ ಓಬವ್ವನ ಕಿಂಡಿಯಲ್ಲಿ ಬಗ್ಗಿ ನುಸುಳುವಾಗ ಭುಜಕ್ಕೆ ಬಂಡೆ ತಾಗಿತು. ಅಲ್ಲೇ ನಿಂತು ಯೋಚಿಸಿದೆ. ಜನ ಹೇಳಿಕೊಂಡು ಬಂದ ಕಥೆ ನಮಗೆಲ್ಲ ಗೊತ್ತು. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ. ಓಬವ್ವ ನೀರಿಗೆ ಹೋಗಿದ್ದಾಳೆ. ಕಿಂಡಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದಾರೆ. ಆ ‘ಒಬ್ಬೊಬ್ಬರಾಗಿ’ ಅನ್ನುವುದು ಬಂಡೆ ಕೊಟ್ಟದ್ದು. ಅಲ್ಲಿ ಅಗಲವಾದ ಬಾಗಿಲಿದ್ದಿದ್ದರೆ ಒಂದು ಒನಕೆಯಿಂದ ಏನಾಗುತ್ತಿತ್ತು? ಆದರೆ ಬಂಡೆ ಅಷ್ಟನ್ನೇ ಕೊಡುತ್ತದೆ. ಓಡಿ ಹೋಗಿ ಗಂಡನನ್ನು ಎಬ್ಬಿಸಬಹುದಿತ್ತು. ಉಣ್ಣುವವನನ್ನು ಎಬ್ಬಿಸದೆ ಒನಕೆ ತಗೊಂಡು ಬಂದು ನಿಂತಳಲ್ಲ, ಅದು ಓಬವ್ವ. ಅವಳ ಸ್ವಭಾವದ ಬಗ್ಗೆ ಒಂದು ಮಾತೂ ಹೇಳದೆ ಇಡೀ ಓಬವ್ವ ನಮಗೆ ಗೊತ್ತಾಗಿಬಿಡುತ್ತಾಳೆ.

ವಾಪಸ್ ಬರುವಾಗ ಬಸ್ಸಿನಲ್ಲೇ ಮೂರನೇ ಸಲದ ಕಥೆ ಶುರುವಾಯಿತು. ಬೆಂಕಿ ಬೇಡ, ಸಾವು ಬೇಡ. ಮನೆಯವರ ಮಾತು ಮೀರಿ ಮದುವೆಯಾಗಿ ಹೋದ ಮಗಳು ಆರು ವರ್ಷದ ಮೇಲೆ ಮಗುವನ್ನು ಎತ್ತಿಕೊಂಡು ಭಟ್ಟಿಯ ಬಾಗಿಲಿಗೆ ಬರುತ್ತಾಳೆ. ‘ಅವ್ವಾ’ ಅನ್ನುತ್ತಾಳೆ. ಹಾಲಮ್ಮ ಅದೇ ಆಗ ಅಕ್ಕಿಯನ್ನು ಮರಳಿಗೆ ಹಾಕಿದ್ದಾಳೆ. ತಿರುಗುವುದಿಲ್ಲ. ಕಥೆಯ ಘಟನೆ ಇಷ್ಟೇ. ಆ ಕೆಲವು ಸೆಕೆಂಡಿಗೆ ನಾನು ಎರಡು ಪುಟ ಕೊಟ್ಟೆ. ಮಗಳು ನೋಡುವುದು ಅವ್ವನ ಬೆನ್ನು. ಅವಳಿಗೆ ಅದು ಸಿಟ್ಟು. ಮಗುವಿಗೆ ಪಟಪಟ ಅರಳುವ ಮಂಡಕ್ಕಿ. ಹಾಲಮ್ಮನಿಗೆ ಏನು ಅಂತ ನಾನು ಬರೆಯಲಿಲ್ಲ. ಅವಳ ಕೈ ಆ ಸಲ ಜರಡಿಯನ್ನು ಎರಡು ಸಾರಿ ಜಾಸ್ತಿ ಆಡಿಸಿತು ಅಂತ ಮಾತ್ರ ಬರೆದೆ.

ಇದನ್ನು ಬೀಡಿ ಕಟ್ಟುವ ಮನೆಗೆ ಒಯ್ಯಲು ಆಗಲಿಲ್ಲ. ಬೀಡಿ ಎಲೆಯನ್ನು ಕೆಳಗಿಟ್ಟು ಏಳಬಹುದು. ಮರಳು ಬಿಡುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ ಪಾತ್ರವೇ ಮುಖ್ಯ ಅಂತಲೇ ಹೇಳುತ್ತೇನೆ. ಆದರೆ ಪಾತ್ರ ಅಂದರೆ ವಯಸ್ಸು, ಜಡೆ, ಹಳೇ ನೋವಿನ ಪಟ್ಟಿ ಅಂತ ತಿಳಿದಿದ್ದದ್ದು ತಪ್ಪಾಗಿತ್ತು. ಸುಮಾರು 2,300 ವರ್ಷಗಳ ಹಿಂದೆ ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಹೇಳುವಾಗ ಘಟನೆಗಳ ಜೋಡಣೆಗೆ ಮೊದಲ ಸ್ಥಾನ ಕೊಟ್ಟ, ಪಾತ್ರಕ್ಕೆ ಎರಡನೆಯದು. ಮೊದಲು ಓದಿದಾಗ ನನಗೆ ಒಪ್ಪಿಗೆಯಾಗಿರಲಿಲ್ಲ. ಈಗ ಅವನ ಜೊತೆ ನನಗೆ ಅಷ್ಟು ಜಗಳವಿಲ್ಲ. ಹಾಲಮ್ಮ ನನಗೆ ಸಿಕ್ಕಿದ್ದೂ ಅವಳು ಮಾಡಿದ್ದರಲ್ಲಿ, ಅದಕ್ಕಿಂತ ಜಾಸ್ತಿ ಮಾಡದೇ ಉಳಿದದ್ದರಲ್ಲಿ. ಈಗ ಹೊಸ ಕಥೆ ಶುರು ಮಾಡುವಾಗ ನಾನು ಮೊದಲು ಬರೆದುಕೊಳ್ಳುವುದು ಒಂದೇ ಸಾಲು: ಇವರು ಏನು ಮಾಡಲು ಒಪ್ಪುವುದಿಲ್ಲ? ಆಮೇಲೆ ಅದನ್ನೇ ಮಾಡಬೇಕಾಗಿ ಬರುವ ಜಾಗ ಹುಡುಕುತ್ತೇನೆ. ಇದಕ್ಕೆ ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತೆ. ಜಾಗ ಸಿಕ್ಕಿದ ಮೇಲೆ ಘಟನೆಗೆ ನಾನು ಅಷ್ಟು ಒದ್ದಾಡಿದ್ದಿಲ್ಲ.

ಕಥೆ ಮುಗಿದ ಮೇಲೆ ಮೇಷ್ಟ್ರಿಗೆ ಕೊಟ್ಟೆ. ಅವರು ‘ಗಟ್ಟಿ ಹೆಂಗಸು, ಎದೆ ಕಲ್ಲು ಮಾಡ್ಕೊಂಡಿದ್ದಾಳೆ’ ಅಂದರು. ಓದಿದ ಗೆಳೆಯರೆಲ್ಲ ಹೆಚ್ಚುಕಮ್ಮಿ ಅದನ್ನೇ ಹೇಳಿದರು.

ಭಟ್ಟಿಯ ಆ ಅಮ್ಮನಿಗೂ ಓದಿ ಹೇಳಬೇಕು ಅನ್ನಿಸಿತು. ಮಧ್ಯಾಹ್ನ ಕೆಲಸ ನಿಂತ ಹೊತ್ತಿನಲ್ಲಿ ಹೋದೆ. ಇನ್ನೂ ಮೂವರು ಹೆಂಗಸರು ಬಂದು ಚೀಲದ ಮೇಲೆ ಕೂತರು. ಮಗಳು ಅವ್ವನ ಬೆನ್ನು ನೋಡಿ ಸಿಟ್ಟು ಅಂದುಕೊಂಡ ಸಾಲು ಬಂದಾಗ ಅವರು ತಡೆದರು. ‘ಸಿಟ್ಟು ಯಾಕ್ರೀ? ಮರಳು ಕಾದೈತಲ್ಲ. ಹೆಂಗ್ ಬಿಟ್ಟು ಬರ್ತಾಳೆ?’ ಉಳಿದವರೂ ಹೌದು ಹೌದು ಅಂದರು. ಮೇಷ್ಟ್ರಿಗೆ ಎದೆಗಟ್ಟಿಯಾಗಿ ಕಂಡದ್ದು ಇವರಿಗೆ ದಿನದ ಕೆಲಸ. ಎರಡೂ ನಿಜ ಅಂತ ನನಗೆ ಅನ್ನಿಸಿತು. ಒಂದಕ್ಷರವೂ ಬದಲಿಸದೆ ಮುಂದೆ ಓದಿದೆ.

ಪೂರ್ತಿ ಕೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, ‘ಆ ಮಗಿಗೆ ಒಂದು ಹಿಡಿ ಮಂಡಕ್ಕಿ ಕೊಟ್ಲೋ ಇಲ್ವೋ?’

ಕಥೆಯಲ್ಲಿ ಕೊಟ್ಟಿರಲಿಲ್ಲ. ಅವತ್ತು ರಾತ್ರಿ ಕೂತು ಆ ಸಾಲು ಸೇರಿಸಿದೆ. ಹಾಲಮ್ಮ ಜರಡಿಯಿಂದ ಒಂದು ಹಿಡಿ ಎತ್ತಿ, ಬಿಸಿ ಆರಲಿ ಅಂತ ಕೈಯಿಂದ ಕೈಗೆ ಹಾಕಿಕೊಳ್ಳುತ್ತಾ, ಬಾಗಿಲ ಕಡೆ ತಿರುಗಿದಳು.