ಮದ್ದೂರು ವಡೆಯನ್ನು ಎರಡು ವಾರ ಗರಿಗರಿಯಾಗಿ ಉಳಿಸಿದ ಬಗೆ

ಈರುಳ್ಳಿ ಹಾಕಿದ ಮದ್ದೂರು ವಡೆಯನ್ನು ಪೊಟ್ಟಣ ಕಟ್ಟಿ ಮಾರುವುದು ಆಗದ ಕೆಲಸವೆಂದು ಈ ಕಸುಬಿನ ಹಿರಿಯರು ನನಗೆ ಹೇಳುತ್ತಲೇ ಬಂದಿದ್ದರು. ಮಾರನೆಯ ದಿನಕ್ಕೇ ಮೆತ್ತಗಾಗುತ್ತದೆ, ನಿಪ್ಪಟ್ಟು ಮಾಡಿಕೊಂಡಿರು ಎಂಬುದು ಅವರ ಮಾತಾಗಿತ್ತು. ಈಗ ನನ್ನ ವಡೆ ಹದಿನೈದು ದಿನದವರೆಗೂ ಮುರಿದರೆ ಸದ್ದು ಮಾಡುತ್ತದೆ. ಅದೇ ಹಿರಿಯರ ಮಕ್ಕಳು ವಿಧಾನ ಕೇಳಿಕೊಂಡು ಬರುತ್ತಿದ್ದಾರೆ.

ಈ ವಡೆಯ ಹುಟ್ಟೇ ಅವಸರದ್ದು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ರೈಲು ಎಂದಿಗಿಂತ ಬೇಗ ಬಂದಾಗ ಪಕೋಡದ ಹಿಟ್ಟನ್ನೇ ತಟ್ಟಿ ಕರಿದು ಕೊಟ್ಟರೆಂಬುದು ನಾವೆಲ್ಲ ಕೇಳಿಕೊಂಡು ಬಂದ ಕಥೆ. ಪ್ರಯಾಣಿಕರು ಕೈಗೆ ಬಂದ ಕೂಡಲೇ ತಿನ್ನುತ್ತಿದ್ದುದರಿಂದ ಅವರಿಗೆ ನಾಳೆಯ ಚಿಂತೆ ಇರಲಿಲ್ಲ. ನಾಳೆಗೂ ಉಳಿಯಬೇಕಾದರೆ ಆ ಅವಸರವನ್ನೇ ಬಿಡಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಸುಮಾರು ಎರಡು ಲಕ್ಷ ರೂಪಾಯಿ ಕರಗಿತ್ತು.

ಅದರಲ್ಲಿ ಮುಕ್ಕಾಲು ಪಾಲು ಹೋದದ್ದು ಪೊಟ್ಟಣಕ್ಕೆ. ಸಲಹೆ ಕೊಟ್ಟವರೆಲ್ಲ ಕವರಿನ ಮೇಲೆಯೇ ಗೂಬೆ ಕೂರಿಸಿದ್ದರಿಂದ ದಪ್ಪನೆಯ ಕವರು, ಸೀಲ್ ಹಾಕುವ ಯಂತ್ರ ಎಲ್ಲ ಬಂದವು. ಆದರೆ ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ವಡೆ ಇನ್ನೂ ಬೇಗ ಮೆತ್ತಗಾಯಿತು. ಕಾಂಡಿಮೆಂಟ್ಸ್ ಅಂಗಡಿಗಳಿಂದ ಕೆಲವು ವಾರ ಅರ್ಧಕ್ಕೂ ಹೆಚ್ಚು ಮಾಲು ವಾಪಸ್ ಬಂತು. ಈರುಳ್ಳಿಯ ಬದಲು ಅದರ ಪುಡಿ ಹಾಕಿಯೂ ನೋಡಿದೆ. ವಡೆ ಗರಿಗರಿಯಾಯಿತು ನಿಜ, ಆದರೆ ಅದನ್ನು ಮದ್ದೂರು ವಡೆ ಎಂದು ಕರೆಯಲು ನನಗೇ ಮನಸ್ಸಾಗಲಿಲ್ಲ.

ಕೊನೆಗೆ ಕೈಹಿಡಿದದ್ದು ಇದು. ತೆಳ್ಳಗೆ ಹೆಚ್ಚಿದ ಈರುಳ್ಳಿಗೆ ಉಪ್ಪು ಬೆರೆಸಿಟ್ಟು ಹಿಂಡಿದರೆ ಕೆಜಿಗೆ ಹೆಚ್ಚುಕಡಿಮೆ ಕಾಲು ಲೀಟರ್ ನೀರು ಬಿಡುತ್ತದೆ. ಆ ನೀರನ್ನು ಚೆಲ್ಲದೆ, ಬಿಸಿ ಎಣ್ಣೆ ಹಾಕಿ ಉಜ್ಜಿದ ಮೈದಾ, ಅಕ್ಕಿ ಹಿಟ್ಟು, ಚಿರೋಟಿ ರವೆಗಳನ್ನು ಅದರಲ್ಲಿಯೇ ಕಲಸುತ್ತೇನೆ. ಘಮ ಹಿಟ್ಟಿಗೆ ಇಳಿಯುತ್ತದೆ, ಹಿಟ್ಟಿನ ತೇವ ಕರಿಯುವಾಗ ಸುಲಭವಾಗಿ ಹೋಗುತ್ತದೆ. ಹಿಂಡಿದ ಈರುಳ್ಳಿಯನ್ನು ಬಟ್ಟೆಯ ಮೇಲೆ ಹರವಿ ಫ್ಯಾನ್ ಕೆಳಗೆ ಆರಿಸಬೇಕು. ಎಷ್ಟು ಹೊತ್ತು, ಎಷ್ಟು ರವೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕರಿಯುವುದು ಸಣ್ಣ ಉರಿಯಲ್ಲಿ. ಬಾಣಲೆಯ ನೊರೆ ಪೂರ್ತಿ ಅಡಗಿ, ವಡೆಯ ಅಂಚಿನಿಂದ ಒಂದೆರಡು ಸಣ್ಣ ಗುಳ್ಳೆಗಳಷ್ಟೇ ಏಳುವವರೆಗೆ ಕೈ ಹಾಕಬಾರದು. ಹೀಗೆ ಬೆಂದದ್ದು ಎಣ್ಣೆ ಕುಡಿದಿರುತ್ತದೆ. ಆದ್ದರಿಂದ ತೆಗೆಯುವ ಮುನ್ನ ಅರೆಗಳಿಗೆ ಉರಿ ಜೋರು ಮಾಡಿ, ಜಾಲರಿಯ ಮೇಲೆ ನಿಲ್ಲಿಸಿ ಆರಿಸುತ್ತೇನೆ. ಸ್ವಲ್ಪವೂ ಬೆಚ್ಚಗಿರುವಾಗ ಕವರಿಗೆ ಹಾಕಿದರೆ ಇಷ್ಟೂ ಶ್ರಮ ನೀರುಪಾಲು.

2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ದುಬಾರಿಯಾದಾಗ ಪಾಮೋಲಿನ್‌ಗೆ ಬದಲಿಸಿದ್ದೆ. ಬಾಳಿಕೆ ಒಂದೆರಡು ದಿನ ಹೆಚ್ಚಿತಾದರೂ ಚಳಿಗಾಲದಲ್ಲಿ ಅಂಗುಳಿಗೆ ಜಿಡ್ಡು ಮೆತ್ತಿಕೊಳ್ಳುತ್ತದೆಂಬ ದೂರು ಬಂದು ಹಳೆಯ ಎಣ್ಣೆಗೇ ಮರಳಿದೆ.

ಗ್ಯಾಸ್ ಖರ್ಚು ಮೊದಲಿನ ಒಂದೂವರೆ ಪಟ್ಟಾಗಿದೆ. ವಡೆಯೊಂದಕ್ಕೆ ಅಸಲು ಏಳು ರೂಪಾಯಿಯ ಆಸುಪಾಸು, ಅಂಗಡಿಗೆ ಕೊಡುವುದು ಹತ್ತಕ್ಕೆ. ವಾಪಸ್ ಬರುವುದು ನೂರಕ್ಕೆ ಮೂರೋ ನಾಲ್ಕೋ. ತಿಂಗಳ ಬಾಳಿಕೆ ಬೇಕೆಂದು ಅಂಗಡಿಯವರು ಒತ್ತಾಯಿಸುತ್ತಿದ್ದಾರೆ, ನಾನು ಒಪ್ಪಿಲ್ಲ. ಇಪ್ಪತ್ತು ದಿನದ ಹೊತ್ತಿಗೆ ವಡೆ ಗರಿಗರಿಯಾಗಿಯೇ ಇದ್ದರೂ ಎಣ್ಣೆ ಕಮಟು ವಾಸನೆ ಹಿಡಿಯುತ್ತದೆ.