ಯುಗಾದಿಯಂದು ದೀಪ ಹಚ್ಚದ ಊರಿನಲ್ಲಿ

2023ರ ಮಾರ್ಚ್ 22ಕ್ಕೆ ಬಾಲಿಗೆ ಟಿಕೆಟ್ ಹುಡುಕಿದರೆ ಒಂದು ವಿಮಾನವೂ ಕಾಣಿಸಲಿಲ್ಲ. ಆ್ಯಪ್ ಕೆಟ್ಟಿದೆ ಅಂದುಕೊಂಡೆ. ನೋಡಿದರೆ ಅವತ್ತು ಬೆಳಗ್ಗೆ ಆರರಿಂದ ಮರುದಿನ ಆರರವರೆಗೆ ಅಲ್ಲಿನ ವಿಮಾನ ನಿಲ್ದಾಣಕ್ಕೇ ಬೀಗ. ಅದು ಅವರ ನ್ಯೆಪಿ ಎಂಬ ಮೌನದ ಹಬ್ಬ, ಶಕ 1945ರ ಮೊದಲ ದಿನ. ನಮ್ಮ ಪುರೋಹಿತರು ಸಂಕಲ್ಪದಲ್ಲಿ ‘ಶಾಲಿವಾಹನ ಶಕೇ’ ಅನ್ನುತ್ತಾರಲ್ಲ, ಅದೇ ಶಕೆ. ಆ ವರ್ಷ ನಮ್ಮ ಯುಗಾದಿಯೂ ಅದೇ ದಿನ. (ಪ್ರತಿ ವರ್ಷ ಹೀಗೆ ಕೂಡಿ ಬರುವುದಿಲ್ಲ, 2024ರಲ್ಲಿ ಎರಡರ ನಡುವೆ ಸುಮಾರು ಒಂದು ತಿಂಗಳ ಅಂತರವಿತ್ತು.) ನಾನು, ಹೆಂಡತಿ, ಅಮ್ಮ ನಾಲ್ಕು ದಿನ ಮೊದಲೇ ಹೋಗಿ ಉಬುದ್‌ನಲ್ಲಿ ಒಬ್ಬರ ಮನೆಯಲ್ಲಿ ಉಳಿದೆವು.

‘ಹಿಂದೂಗಳ ಊರು, ನಮಗೆ ಹೊಸದೇನಿದೆ’ ಎಂಬ ಧೈರ್ಯದಲ್ಲಿ ಹೋದವರು ನಾವು. ಎಡವಿದ್ದೆಲ್ಲ ಆ ಧೈರ್ಯದಿಂದಲೇ.

ಮೊದಲ ಬೆಳಗ್ಗೆಯೇ ಶುರು. ಹೊಸ್ತಿಲಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು, ಒಂದಿಷ್ಟು ಅನ್ನ, ಮೇಲೊಂದು ಊದುಬತ್ತಿ. ಇದಕ್ಕೆ ಚನಾಂಗ್ ಸಾರಿ ಅನ್ನುತ್ತಾರೆ. ಅಮ್ಮ ಪ್ರಸಾದ ಅಂದುಕೊಂಡು ಒಂದು ಹೂ ಎತ್ತಿ ಕಣ್ಣಿಗೊತ್ತಿ ಮುಡಿದೇಬಿಟ್ಟರು. ಮನೆಯೊಡತಿಯ ಮುಖ ಒಂದು ಕ್ಷಣ ಬಿಳಿಚಿಕೊಂಡಿತು, ಆಮೇಲೆ ನಕ್ಕರು. ಅದು ದೇವರಿಗೆ ಕೊಟ್ಟದ್ದು, ಹೊಗೆ ಆರುವವರೆಗೆ ದಾಟಬಾರದು, ಮುಟ್ಟಲೂಬಾರದು. ಫುಟ್‌ಪಾತ್, ಅಂಗಡಿ ಮೆಟ್ಟಿಲು, ಕಾರಿನ ಡ್ಯಾಶ್‌ಬೋರ್ಡ್, ಎಲ್ಲೆಲ್ಲೂ ಇರುತ್ತದೆ. ಅಂಗಳದ ರಂಗೋಲಿ ತುಳಿಯದೆ ಓಡಾಡಿ ಬೆಳೆದವರಿಗೆ ಇದೇನು ಕಷ್ಟವಲ್ಲ, ಫೋನಿನಿಂದ ಕಣ್ಣು ತೆಗೆದರೆ ಸಾಕು.

ದೇವಸ್ಥಾನಕ್ಕೆ ಹೋದರೆ ನಾವು ಚಪ್ಪಲಿ ಸ್ಟ್ಯಾಂಡ್ ಹುಡುಕುತ್ತ ನಿಂತೆವು. ಅಲ್ಲಿನವರು ಚಪ್ಪಲಿ ಹಾಕಿಕೊಂಡೇ ಹೊರ ಅಂಗಳದಲ್ಲಿ ಓಡಾಡುತ್ತಿದ್ದರು. ಅವರು ನೋಡುವುದು ಸೊಂಟವನ್ನು: ಸಾರೊಂಗ್ ಉಟ್ಟು ಮೇಲೆ ಸೆಲೆಂದಾಂಗ್ ಎಂಬ ಪಟ್ಟಿ ಕಟ್ಟಿರಬೇಕು. ಒಳ ಅಂಗಳ ಪೂಜೆಗೆ ಬಂದವರಿಗಷ್ಟೇ. ನಾನು ಗರ್ಭಗುಡಿ ಎಲ್ಲಿ, ಮೂರ್ತಿ ಎಲ್ಲಿ ಎಂದು ಇಣುಕಿದೆ. ಇದ್ದದ್ದು ಖಾಲಿ ಕಲ್ಲಿನ ಪೀಠ, ಪದ್ಮಾಸನ. ದರ್ಶನಕ್ಕೆ ನುಗ್ಗುವ ನಮ್ಮ ಅಭ್ಯಾಸಕ್ಕೆ ಅಲ್ಲಿ ಕೆಲಸವೇ ಇಲ್ಲ. ಮುಟ್ಟಾದವರಿಗೆ ಪ್ರವೇಶವಿಲ್ಲ ಎಂಬ ಬೋರ್ಡೂ ಇತ್ತು. ಹೆಂಡತಿಗೆ ಸಿಟ್ಟು ಬಂತು, ನನಗೂ ಅದು ಒಪ್ಪಿಗೆಯಿಲ್ಲ. ಆದರೆ ಇನ್ನೊಬ್ಬರ ಮನೆಯ ಬಾಗಿಲಲ್ಲಿ ವಾದಕ್ಕೆ ನಿಲ್ಲುವುದು ಬೇಡ ಎಂದು ಅವಳೇ ಹೊರಗೆ ಕೂತು ಎಳನೀರು ಕುಡಿದಳು.

ಉಲುವಾಟು ದೇವಸ್ಥಾನದಲ್ಲಿ ಪೆಟ್ಟು ತಿಂದವನು ನಾನು. ಚಾಮುಂಡಿ ಬೆಟ್ಟದ ಮಂಗಗಳನ್ನು ಗದರಿಸಿ ಗೊತ್ತಿದ್ದ ಧಿಮಾಕು. ಒಂದು ಮಂಗ ಕನ್ನಡಕ ಕಿತ್ತುಕೊಂಡಿತು, ನಾನು ಕೈ ಹಾಕಿದೆ, ಪರಚಿತು. ಅಲ್ಲಿನ ಮಂಗಗಳಿಗೆ ವ್ಯಾಪಾರ ಗೊತ್ತು: ಕಾವಲಿನವ ಹಣ್ಣು ತೋರಿಸಿದ, ಕನ್ನಡಕ ಕೆಳಗೆ ಬಿತ್ತು. ಸುಮ್ಮನೆ ನಿಂತಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ಬಾಲಿಯಲ್ಲಿ 2008ರಿಂದ ನಾಯಿಗಳಲ್ಲಿ ರೇಬೀಸ್ ಇದೆ, ಆದ್ದರಿಂದ ಕಚ್ಚಿದರೂ ಪರಚಿದರೂ ಉಡಾಫೆ ಮಾಡುವಂತಿಲ್ಲ. ನಲ್ಲಿ ಕೆಳಗೆ ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು ಕ್ಲಿನಿಕ್ಕಿಗೆ ಹೋಗಿ ಮೊದಲ ಸೂಜಿ ಹಾಕಿಸಿಕೊಂಡೆ, ಉಳಿದದ್ದು ಬೆಂಗಳೂರಿನಲ್ಲಿ. ಪ್ರವಾಸದ ವಿಮೆಯ ಕಾಗದವನ್ನು ನಾನು ಓದಿದ್ದು ಆ ಕ್ಲಿನಿಕ್ಕಿನ ಬೆಂಚಿನ ಮೇಲೆ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಲಿಲ್ಲ. ನನ್ನ ಹತ್ತಿರ ದ್ವಿಚಕ್ರಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಪರವಾನಗಿ ಇರಲಿಲ್ಲ. ಅದಿಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ.

ದುಡ್ಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿನ ಒಂದು ಲಕ್ಷ ರುಪಿಯಾ ಅಂದರೆ ಆಗ ನಮ್ಮ ಸುಮಾರು 550 ರೂಪಾಯಿ, ಸೊನ್ನೆ ಎಣಿಸುವುದರಲ್ಲೇ ತಲೆ ಗಿರ್ ಅನ್ನುತ್ತದೆ. ಹಣ ಬದಲಿಸುವ ಗಲ್ಲಿಯ ಅಂಗಡಿಯೊಂದು ಎಲ್ಲರಿಗಿಂತ ಹೆಚ್ಚು ದರ ಬರೆದಿತ್ತು. ಹುಡುಗ 50,000ದ ನೋಟುಗಳನ್ನು ಕಂತೆ ಕಂತೆಯಾಗಿ ಹರಡಿ ಎಣಿಸಿದ, ನಾನೂ ಎಣಿಸಿದೆ, ಸರಿಯಿತ್ತು. ‘ಇನ್ನೊಮ್ಮೆ ಜೋಡಿಸಿ ಕೊಡ್ತೀನಿ’ ಎಂದು ವಾಪಸ್ ತೆಗೆದುಕೊಂಡ. ಆ ಜೋಡಿಸುವಿಕೆಯಲ್ಲಿ ಏಳು ನೋಟು ಮೇಜಿನ ಹಿಂದೆ ಜಾರಿದ್ದವು. ಅಮ್ಮ ಪಕ್ಕದಿಂದ ನೋಡಿ ‘ಅವನ ಕಾಲ ಹತ್ರ ನೋಡೋ’ ಅಂದರು, ಕನ್ನಡದಲ್ಲೇ, ಜೋರಾಗಿ. ಅಂದಿನಿಂದ ಬ್ಯಾಂಕಿನ ಎಟಿಎಂ, ಅಥವಾ ಗಾಜಿನ ಬಾಗಿಲಿನ ದೊಡ್ಡ ಕೌಂಟರ್. ಎಲ್ಲಿಯಾದರೂ ಸರಿ, ಕೊನೆಗೆ ಎಣಿಸುವವನು ನಾನೇ, ಎಣಿಸಿದ ಮೇಲೆ ಹಣ ವಾಪಸ್ ಕೊಡುವುದಿಲ್ಲ.

21ರ ಸಂಜೆ ಓಗೋ-ಓಗೋ ಎಂಬ ದೈತ್ಯಾಕಾರದ ಭೂತಗಳ ಮೆರವಣಿಗೆ, ಕಿವಿ ಕಿವುಡಾಗುವ ಗದ್ದಲ. ಮರುದಿನ ನ್ಯೆಪಿ: ಬೆಂಕಿಯಿಲ್ಲ, ಕೆಲಸವಿಲ್ಲ, ಓಡಾಟವಿಲ್ಲ, ಮೋಜಿಲ್ಲ. ಮೊಬೈಲ್ ಇಂಟರ್ನೆಟ್ಟೂ ಬಂದ್. ಬೀದಿಯಲ್ಲಿ ಪೆಚಲಾಂಗ್ ಎಂಬ ಊರ ಕಾವಲಿನವರು ಮಾತ್ರ. ಆಸ್ಪತ್ರೆಯ ತುರ್ತಿದ್ದರೆ ಬಿಡುತ್ತಾರೆ, ಪ್ರವಾಸಿ ಎಂಬ ಕಾರಣಕ್ಕೆ ಬಿಡುವುದಿಲ್ಲ. ಊಟ, ಅಮ್ಮನ ಬಿಪಿ ಮಾತ್ರೆ, ಕುಡಿಯುವ ನೀರು ಎಲ್ಲ ಹಿಂದಿನ ದಿನವೇ ತಂದಿಟ್ಟಿದ್ದೆವು.

ಅಮ್ಮನಿಗೆ ಹಬ್ಬದ ದಿನ ದೀಪ ಹಚ್ಚಬಾರದು ಅನ್ನುವುದು ಗಂಟಲಲ್ಲಿ ಇಳಿಯಲಿಲ್ಲ. ಮನೆಯೊಡತಿ ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಮರ ತೋರಿಸಿದರು. ಅವರು ಇಂತಾರನ್ ಅಂದರು, ಅಮ್ಮ ಬೇವು ಅಂದರು. ಅಡುಗೆಮನೆಯಿಂದ ತಾಳೆಬೆಲ್ಲದ ಅಚ್ಚೂ ಬಂತು. ರಾತ್ರಿ ಹಿತ್ತಲ ಕತ್ತಲಲ್ಲಿ ಕೂತಾಗ ಸುತ್ತ ಕಪ್ಪೆಗಳ ಸದ್ದು, ಮೇಲೆ ನಾನು ಎಂದೂ ನೋಡದಷ್ಟು ನಕ್ಷತ್ರ. 23ರ ಬೆಳಗ್ಗೆ ಆರು ದಾಟಿದ ಮೇಲೆ ಅಮ್ಮ ದೀಪ ಹಚ್ಚಿದರು, ಒಂದು ದಿನ ತಡವಾಗಿ.