ಗೇಮ್‌ನ ರೆಸಲ್ಯೂಶನ್, ವಿಂಡೋ ಮೋಡ್: ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು

ಗೇಮ್‌ನ ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು ವಿಂಡೋಸ್‌ನದ್ದು ಸರಿಯಿದೆಯೇ ನೋಡಿ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ, ರೆಸಲ್ಯೂಶನ್ (ಚಿತ್ರದಲ್ಲಿರುವ ಚುಕ್ಕಿಗಳ, ಅಂದರೆ ಪಿಕ್ಸೆಲ್‌ಗಳ ಅಳತೆ) ಪಟ್ಟಿಯಲ್ಲಿ ಒಂದರ ಪಕ್ಕ 'ರೆಕಮೆಂಡೆಡ್' ಎಂದಿರುತ್ತದೆ. ಅದೇ ಪರದೆಯ ನೇಟಿವ್ ಅಳತೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ 1920×1080, ಹಳೆಯವುಗಳಲ್ಲಿ 1366×768. ಅದನ್ನು ಬದಲಿಸಬೇಡಿ. ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್‌ಗಳ ಲೆಕ್ಕ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. 1080 ಸಾಲಿನ ಪರದೆಗೆ 768 ಸಾಲಿನ ಚಿತ್ರ ಕೊಟ್ಟರೆ ಒಂದೊಂದು ಸಾಲೂ ಸುಮಾರು 1.4 ಸಾಲಿನ ಜಾಗ ತುಂಬಬೇಕು. ಅರ್ಧಂಬರ್ಧ ಪಿಕ್ಸೆಲ್ ಇಲ್ಲವಲ್ಲ, ಅಕ್ಕಪಕ್ಕದ ಬಣ್ಣ ಕಲಸಿ ಹಚ್ಚುತ್ತದೆ. ಅಕ್ಷರಗಳು ಮಸುಕಾಗುವುದು ಇದಕ್ಕೇ.

ಹಾಗೇ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ (ಹರ್ಟ್ಜ್) ನೋಡಿ. 144 ಹರ್ಟ್ಜ್ ಮಾನಿಟರ್ ತಂದು ತಿಂಗಳುಗಟ್ಟಲೆ 60ರಲ್ಲೇ ಓಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ.

ಗೇಮ್ ಒಳಗೆ ಮೋಡ್ ಮೂರು. ಫುಲ್‌ಸ್ಕ್ರೀನ್‌ನಲ್ಲಿ ಗೇಮ್ ತನಗೆ ಬೇಕಾದ ರೆಸಲ್ಯೂಶನ್‌ಗೆ ಪರದೆಯನ್ನೇ ಬದಲಿಸಬಲ್ಲದು. ಆದರೆ ಆಲ್ಟ್-ಟ್ಯಾಬ್ ಒತ್ತಿದಾಗ ಪರದೆ ಒಂದೆರಡು ಕ್ಷಣ ಕಪ್ಪಾಗಬಹುದು. ಬಾರ್ಡರ್‌ಲೆಸ್ ಎಂದರೆ ಅಂಚಿಲ್ಲದ, ಪರದೆಯಷ್ಟೇ ಅಗಲದ ಕಿಟಕಿ. ಇದು ಡೆಸ್ಕ್‌ಟಾಪ್‌ನ ಅಳತೆಯನ್ನೇ ಹಿಡಿಯುವುದರಿಂದ ಎಷ್ಟೋ ಗೇಮ್‌ಗಳಲ್ಲಿ ರೆಸಲ್ಯೂಶನ್ ಆಯ್ಕೆ ಬೂದಿಬಣ್ಣಕ್ಕೆ ತಿರುಗಿ ಒತ್ತಲು ಬರುವುದಿಲ್ಲ, ಅದು ದೋಷವಲ್ಲ. ಮೂರನೆಯದು ಮಾಮೂಲಿ ವಿಂಡೋಡ್. ಆಡುತ್ತಾ ಮಧ್ಯೆ ಮೆಸೇಜ್ ನೋಡುವವರಿಗೆ ಬಾರ್ಡರ್‌ಲೆಸ್ಸೇ ಸರಿ. ವಿಂಡೋಸ್ 10, 11ರಲ್ಲಿ ವೇಗದ ವ್ಯತ್ಯಾಸ ಹೆಚ್ಚಿನ ಗೇಮ್‌ಗಳಲ್ಲಿ ಗೊತ್ತೇ ಆಗುವುದಿಲ್ಲ.

ಗೇಮ್ ತಡವರಿಸುತ್ತಿದ್ದರೆ ಎಲ್ಲರೂ ಮೊದಲು ರೆಸಲ್ಯೂಶನ್ ಇಳಿಸುತ್ತಾರೆ. ಅದಕ್ಕಿಂತ ರೆಂಡರ್ ಸ್ಕೇಲ್ ಇಳಿಸುವುದು ಮೇಲು: ಗೇಮ್ ದೃಶ್ಯವನ್ನು ಪರದೆಯ ಅಳತೆಯ ಎಷ್ಟು ಪರ್ಸೆಂಟ್‌ನಲ್ಲಿ ಬಿಡಿಸಿ ಆಮೇಲೆ ಹಿಗ್ಗಿಸಬೇಕು ಎಂಬ ಸೆಟ್ಟಿಂಗ್ ಇದು. 1920×1080 ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. ಉದ್ದ-ಅಗಲ ಎರಡಕ್ಕೂ ಅನ್ವಯಿಸುವ ಸ್ಕೇಲ್ ಅನ್ನು 70ಕ್ಕೆ ಇಟ್ಟರೆ 1344×756, ಅಂದರೆ ಗ್ರಾಫಿಕ್ಸ್ ಕಾರ್ಡ್ ಬಿಡಿಸಬೇಕಾದದ್ದು ಹತ್ತು ಲಕ್ಷ ಚಿಲ್ಲರೆ, ಹೆಚ್ಚುಕಡಿಮೆ ಅರ್ಧ. ದೃಶ್ಯ ಕೊಂಚ ಮೆತ್ತಗಾಗುತ್ತದೆ, ಆದರೆ ಮ್ಯಾಪು, ಗುಂಡಿನ ಲೆಕ್ಕ, ಮೆನು ಅಕ್ಷರ ಚೂಪಾಗೇ ಉಳಿಯುತ್ತವೆ. 100ರಿಂದ ಹತ್ತತ್ತು ಇಳಿಸುತ್ತಾ ಬನ್ನಿ. 50ಕ್ಕೆ ಬಂದರೂ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ಏರದಿದ್ದರೆ ಅಡ್ಡಿ ಇರುವುದು ಹೆಚ್ಚಾಗಿ ಪ್ರೊಸೆಸರ್‌ನಲ್ಲಿ; ರೆಸಲ್ಯೂಶನ್ ಎಷ್ಟು ತಗ್ಗಿಸಿದರೂ ಉಪಯೋಗವಿಲ್ಲ.

ನಿಜವಾದ ತಲೆನೋವು ಪರದೆ ಬದಲಾದಾಗ. ಮೈಸೂರಿನ ಸರಸ್ವತಿಪುರಂನ ಪಿಜಿಯಲ್ಲಿ ಮಾನಿಟರ್‌ಗೆ ಜೋಡಿಸಿದ್ದ ಲ್ಯಾಪ್‌ಟಾಪ್ ಭಾನುವಾರ ಮಂಡ್ಯದ ಮನೆಯ ಟಿವಿಗೆ ಬಂತು ಎನ್ನಿ. ಗೇಮ್ ಹಳೆಯ ಪರದೆಯ ಲೆಕ್ಕ ಇಟ್ಟುಕೊಂಡೇ ತೆರೆಯುತ್ತದೆ. ಟಿವಿ ಮೇಲೆ 'ಔಟ್ ಆಫ್ ರೇಂಜ್' ಅಥವಾ 'ಮೋಡ್ ನಾಟ್ ಸಪೋರ್ಟೆಡ್' ಬಂದರೆ ಆ ರೆಸಲ್ಯೂಶನ್ ಅಥವಾ ಹರ್ಟ್ಜ್ ಟಿವಿಗೆ ಆಗದು ಎಂದರ್ಥ. ಏನನ್ನೂ ಒತ್ತದೆ 15 ಸೆಕೆಂಡು ಕಾಯಿರಿ; ಈಗಷ್ಟೇ ಬದಲಿಸಿದ್ದಾದರೆ ತಾನಾಗಿ ಹಿಂದಕ್ಕೆ ಬರುವ ಸಂಭವ ಹೆಚ್ಚು. ಬರಲಿಲ್ಲವೇ, ಆಲ್ಟ್-ಎಂಟರ್ ಒತ್ತಿ. ಹಲವು ಗೇಮ್‌ಗಳು ವಿಂಡೋ ಮೋಡ್‌ಗೆ ಇಳಿಯುತ್ತವೆ. ಗೇಮ್ ಬೇರೆ ಪರದೆಯಲ್ಲಿ ತೆರೆದಿದ್ದರೆ ವಿಂಡೋಸ್ ಕೀ, ಶಿಫ್ಟ್ ಎರಡನ್ನೂ ಹಿಡಿದು ಎಡ ಅಥವಾ ಬಲ ಬಾಣ ಒತ್ತಿ. ಟಿವಿಯಲ್ಲಿ ನಾಲ್ಕು ಅಂಚೂ ಕತ್ತರಿಸಿದಂತಿದ್ದರೆ ಗೇಮ್‌ನಲ್ಲಿ ಹುಡುಕಬೇಡಿ, ರಿಮೋಟ್ ತಗೊಳ್ಳಿ. ಅದರ ಪಿಕ್ಚರ್ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಎಂಬಂಥ ಆಯ್ಕೆ ಇರುತ್ತದೆ.

ಮೆನು ಅರ್ಧ ಪರದೆಯಾಚೆ ಹೋಗಿದ್ದರೆ ಬಹುಮಟ್ಟಿಗೆ ಅದು ವಿಂಡೋಸ್‌ನ 125 ಅಥವಾ 150 ಪರ್ಸೆಂಟ್ ಸ್ಕೇಲಿಂಗ್ (ಅಕ್ಷರ, ಚಿಹ್ನೆಗಳನ್ನು ದೊಡ್ಡದಾಗಿಸುವ ಸೆಟ್ಟಿಂಗ್) ಕಿತಾಪತಿ. ಗೇಮ್ ಶುರು ಮಾಡುವ ಎಕ್ಸಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್ ಒಳಗೆ ಕೊನೆಯ ಟಿಕ್ ಹಾಕಿ 'ಅಪ್ಲಿಕೇಶನ್' ಆರಿಸಿ.

ಯಾವುದಕ್ಕೂ ಬಗ್ಗದಿದ್ದರೆ ಗೇಮ್ ಮುಚ್ಚಿ ಸೆಟ್ಟಿಂಗ್ಸ್ ಫೈಲನ್ನೇ ತೆರೆಯಬೇಕು. ಅನ್‌ರಿಯಲ್ ಎಂಜಿನ್ ಗೇಮ್‌ಗಳದ್ದು ಸಾಮಾನ್ಯವಾಗಿ ಆಪ್‌ಡೇಟಾದ ಲೋಕಲ್ ಫೋಲ್ಡರ್‌ನಲ್ಲಿ, 'ಗೇಮ್‌ಯೂಸರ್‌ಸೆಟ್ಟಿಂಗ್ಸ್' ಹೆಸರಿನಲ್ಲಿರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಫುಲ್‌ಸ್ಕ್ರೀನ್‌ಮೋಡ್ ಎದುರಿನ ಅಂಕಿ ಬದಲಿಸಿ: 0 ಫುಲ್‌ಸ್ಕ್ರೀನ್, 1 ಬಾರ್ಡರ್‌ಲೆಸ್, 2 ವಿಂಡೋ. ಮೊದಲು ಒಂದು ಪ್ರತಿ ಎತ್ತಿಟ್ಟುಕೊಳ್ಳಿ. ಫೈಲ್‌ಗೆ ರೀಡ್-ಓನ್ಲಿ (ಓದಬಹುದು, ಬದಲಿಸಲಾಗದು) ಹಾಕಿ ಎಂದು ಸಲಹೆ ಕೊಡುವವರಿದ್ದಾರೆ; ಹಾಕಿದರೆ ಆ ಫೈಲ್‌ಗೆ ಸೇರಿದ ಬೇರೆ ಬದಲಾವಣೆಗಳೂ ಉಳಿಯುವುದಿಲ್ಲ.